ಕಣ್ಣು ಮಸುಕಾದವನು ಪಿಸ್ತೂಲಿನ ಗುರಿ ಹಿಡಿಯುವುದೆಂತು?

ಸಿರುಗುಪ್ಪದ ಸುತ್ತಣ ಬತ್ತದ ಬಯಲಿನಲ್ಲಿ ಹೊಸದಾಗಿ ಬದು ಹಾಕುವವರು ಗೆರೆ ನೇರವಾಗಿ ಬರಲೆಂದು ಮೂರು ಕೋಲುಗಳನ್ನು ಸಾಲಾಗಿ ನೆಡುವುದುಂಟು. ಮೊದಲನೆಯ ಕೋಲಿನ ಹಿಂದೆ ಕುಳಿತು, ಒಂದು ಕಣ್ಣು ಮುಚ್ಚಿ, ಮಿಕ್ಕೆರಡು ಕೋಲುಗಳೂ ಅದರ ಹಿಂದೆ ಮರೆಯಾಗುವವರೆಗೆ ‘ಆ ಕಡೆಗೆ, ಇನ್ನಿಷ್ಟು ಈ ಕಡೆಗೆ’ ಎಂದು ಕೂಗಿ ಹೇಳುವರು. ಕೆಲಸ ಬಹು ಸುಲಭವೆಂದು ತೋರುವುದು. ಆದರೆ ವಾಚಕರು ಒಮ್ಮೆ ಹಾಗೆ ಕುಳಿತು ತಮ್ಮ ಕಣ್ಣಿಗೆ ಏನಾಗುತ್ತದೆಂಬುದನ್ನು ಗಮನಿಸಬೇಕು. ಕೈಯಳತೆಯ ಕೋಲಿನ ಮೇಲೆ ದೃಷ್ಟಿ ನೆಟ್ಟರೆ ದೂರದ ಕೋಲು ಹೊಗೆಯಂತೆ ಕಾಣುವುದು. ದೂರದ ಕೋಲನ್ನು ನೋಡಿದೊಡನೆ ಹತ್ತಿರದ್ದರ ಅಂಚು ಕರಗಿಹೋಗುವುದು. ಎರಡೂ ಒಮ್ಮೆಗೇ ಸ್ಪಷ್ಟವಾಗಿ ಕಾಣುವುದೆಂಬ ನಮ್ಮ ನಂಬಿಕೆ ಕೇವಲ ಭ್ರಮೆ. ಎಳೆಯ ಕಣ್ಣು ಹತ್ತಿರಕ್ಕೂ ದೂರಕ್ಕೂ ಎಷ್ಟು ಚುರುಕಾಗಿ ಓಡಾಡುವುದೆಂದರೆ, ಅದು ಓಡಾಡುತ್ತಿದೆಯೆಂಬುದೇ ನಮಗೆ ತಿಳಿಯುವುದಿಲ್ಲ.

ಬದು ಗೇಣುದ್ದ ಸೊಟ್ಟಗಾದರೆ ಮಹಾ ನಷ್ಟವೇನಿಲ್ಲ. ಇದೇ ತೊಡಕು ಪಿಸ್ತೂಲು ಹಿಡಿದವನಿಗೆ ಬಂದಾಗ ಮಾತು ಬೇರೆ.

ಪಿಸ್ತೂಲಿನ ಮೇಲೆ ಗುರಿ ನೋಡುವುದಕ್ಕಾಗಿ ಎರಡು ಸಣ್ಣ ಲೋಹದ ತುಣುಕುಗಳಿರುತ್ತವೆ. ಹಿಂಭಾಗದಲ್ಲಿರುವುದು ಚೌಕಾಕಾರದ ಕಚ್ಚುಳ್ಳ ಒಂದು ಪಟ್ಟಿ. ನಳಿಗೆಯ ತುದಿಯಲ್ಲಿರುವುದು ನೆಟ್ಟಗೆ ನಿಂತ ಒಂದು ಸಣ್ಣ ಕಂಬ. ಶೂಟಿಂಗ್ ಬಲ್ಲವರು ಇವೆರಡನ್ನೂ ‘ಸೈಟು’ ಎಂದೇ ಕರೆಯುತ್ತಾರೆ. ನಮ್ಮ ಕಡೆ ಸೈಟು ಎಂದೊಡನೆ ಮನೆ ಕಟ್ಟುವ ಜಾಗ ನೆನಪಿಗೆ ಬರುವುದು ಸಹಜ. ಇದು ಬೇರೆ ಪದ, ಉಚ್ಚಾರ ಮಾತ್ರ ಒಂದೇ. ಹಿಂದಿನ ಸೈಟಿನ ಕಚ್ಚಿನೊಳಗೆ ಮುಂದಿನ ಸೈಟು ಸರಿಯಾಗಿ ನಡುವೆ ನಿಂತು, ಎರಡೂ ಬದಿಗೆ ಸಮನಾದ ಬೆಳಕಿನ ಗೆರೆ ಕಂಡು, ಎರಡರ ತಲೆಯೂ ಒಂದೇ ಮಟ್ಟದಲ್ಲಿದ್ದು, ಆ ಜೋಡಿ ಗುರಿಹಲಗೆಯ ಕಪ್ಪು ವೃತ್ತದ ಕೆಳಗೆ ಬಂದಾಗ ಕುದುರೆಯನ್ನು ಒತ್ತಬೇಕು. ತೋಳು ಚಾಚಿದವನ ಕಣ್ಣಿನಿಂದ ಹಿಂದಿನ ಸೈಟು ಸುಮಾರು 60 ಸೆಂಟಿಮೀಟರು, ಮುಂದಿನದು ಸುಮಾರು 90 ಸೆಂಟಿಮೀಟರು ದೂರ. ಏರ್ ಪಿಸ್ತೂಲಿನ ಸ್ಪರ್ಧೆಯಲ್ಲಿ ಗುರಿಹಲಗೆ ಇರುವುದು 10 ಮೀಟರು ದೂರದಲ್ಲಿ. ಹೀಗೆ ಮೂರು ವಸ್ತುಗಳು ಮೂರು ದೂರಗಳಲ್ಲಿವೆ. ಕಣ್ಣಿಗೋ ಒಂದು ಸಲಕ್ಕೆ ಒಂದೇ ದೂರ ಸಾಧ್ಯ.

ಇದಕ್ಕೆ ಕಾರಣ ಕಣ್ಣಿನ ರಚನೆಯಲ್ಲೇ ಇದೆ. ಕಣ್ಣಿನ ಮುಂಭಾಗದ ಕಾರ್ನಿಯಾ ಬೆಳಕನ್ನು ಬಾಗಿಸುವ ಕೆಲಸದ ಬಹುಪಾಲನ್ನು ಮಾಡುತ್ತದೆ, ಆದರೆ ಅದರ ಶಕ್ತಿ ಬದಲಾಗದು. ಅದರ ಹಿಂದಿರುವ ಮಸೂರವು ಮಾತ್ರ ತನ್ನನ್ನು ಹಿಡಿದಿರುವ ಸ್ನಾಯುವಿನ ಕೆಲಸಕ್ಕೆ ತಕ್ಕಂತೆ ಉಬ್ಬಿ, ಚಪ್ಪಟೆಯಾಗಿ, ಹತ್ತಿರದ ಅಥವಾ ದೂರದ ವಸ್ತುವಿನ ಪ್ರತಿಬಿಂಬವನ್ನು ಅಕ್ಷಿಪಟಲದ ಮೇಲೆ ಬೀಳಿಸುತ್ತದೆ. ಈ ಹೊಂದಾಣಿಕೆಯನ್ನು ಮಸೂರವೇ ಮಾಡುವುದೆಂದು 1801ರಲ್ಲಿ ಥಾಮಸ್ ಯಂಗ್ ಎಂಬ ಆಂಗ್ಲ ವಿಜ್ಞಾನಿ ಪ್ರಯೋಗಗಳಿಂದ ತೋರಿಸಿದನು. ಹೊಂದಾಣಿಕೆಯ ಅಳತೆ ಡಯಾಪ್ಟರ್: ಮೀಟರುಗಳಲ್ಲಿ ಹೇಳಿದ ದೂರದಿಂದ ಒಂದನ್ನು ಭಾಗಿಸಿದರೆ ಬರುವ ಸಂಖ್ಯೆ. 90 ಸೆಂಟಿಮೀಟರು ದೂರದ ಮುಂದಿನ ಸೈಟಿಗೆ ಸುಮಾರು 1.1 ಡಯಾಪ್ಟರು ಬೇಕು. 10 ಮೀಟರಿನ ಹಲಗೆಗೆ ಬರಿಯ 0.1.

ಹದಿನೈದು ವಯಸ್ಸಿನ ಹುಡುಗನ ಕಣ್ಣಲ್ಲಿ ಹತ್ತು ಡಯಾಪ್ಟರಿಗೂ ಮಿಕ್ಕ ಹೊಂದಾಣಿಕೆಯ ಬಂಡವಾಳವಿರುತ್ತದೆ. ವರುಷ ಕಳೆದಂತೆ ಮಸೂರ ಬಿರುಸಾಗುತ್ತ ಬಂದು, ಐವತ್ತರ ಹೊತ್ತಿಗೆ ಎರಡರ ಆಸುಪಾಸಿಗೆ ಇಳಿದು, ಅರವತ್ತರಲ್ಲಿ ಹೆಚ್ಚುಕಡಿಮೆ ಬರಿದಾಗುವುದು. ನಮ್ಮ ಹಿರಿಯರು ಇದನ್ನು ‘ಚಾಳೀಸು ಬಂತು’ ಎನ್ನುತ್ತಿದ್ದರು. ಹಿಂದುಸ್ತಾನಿಯಲ್ಲಿ ಚಾಳೀಸ್ ಎಂದರೆ ನಲವತ್ತು. ನಲವತ್ತಕ್ಕೆ ಬರುವ ಕನ್ನಡಕಕ್ಕೂ ಅದೇ ಹೆಸರು ನಿಂತಿತು. ವೈದ್ಯಗ್ರಂಥದ ಹೆಸರಿಗಿಂತ ಈ ಹೆಸರೇ ಹೆಚ್ಚು ನಿಖರವೆಂದು ನನಗೆ ತೋರುತ್ತದೆ.

ಹಲಗೆ ಸ್ಪಷ್ಟವಾಗಿರಬೇಕೆ, ಸೈಟು ಸ್ಪಷ್ಟವಾಗಿರಬೇಕೆ?

ಕಣ್ಣು ಮಂದವಾದವನನ್ನು ಕೇಳಿದರೆ, ‘ಗುರಿಯೇ ಕಾಣದಿದ್ದ ಮೇಲೆ ಹೊಡೆಯುವುದೇನನ್ನು? ಹಲಗೆ ಚೆನ್ನಾಗಿ ಕಾಣುವಂತೆ ಕನ್ನಡಕ ಕೊಡಿ’ ಎನ್ನುವನು. ಇದು ಸಹಜವಾದ ಮಾತು; ಆದರೆ ತಪ್ಪು. ಏಕೆಂದು ಲೆಕ್ಕ ಹಾಕಿ ನೋಡೋಣ.

ಕೈ ನಡುಗಿ ಇಡೀ ಪಿಸ್ತೂಲು ತನ್ನ ದಿಕ್ಕನ್ನು ಬದಲಿಸದೆ ಒಂದು ಮಿಲಿಮೀಟರು ಪಕ್ಕಕ್ಕೆ ಸರಿಯಿತೆನ್ನೋಣ. ಗುಂಡು ಕೂಡ ಹಲಗೆಯ ಮೇಲೆ ಒಂದೇ ಮಿಲಿಮೀಟರು ಪಕ್ಕಕ್ಕೆ ಬೀಳುವುದು. ಏರ್ ಪಿಸ್ತೂಲಿನ ಹಲಗೆಯಲ್ಲಿ ಹತ್ತು ಅಂಕದ ವೃತ್ತದ ವ್ಯಾಸ 11.5 ಮಿಲಿಮೀಟರು, ಆದುದರಿಂದ ಹತ್ತು ಅಂಕಕ್ಕೆ ಕುತ್ತಿಲ್ಲ. ಈಗ ಪಿಸ್ತೂಲು ಸರಿಯದೆ, ಹಿಂದಿನ ಕಚ್ಚಿನೊಳಗೆ ಮುಂದಿನ ಸೈಟು ಮಾತ್ರ ಒಂದು ಮಿಲಿಮೀಟರು ಓರೆಯಾಯಿತೆನ್ನೋಣ. ಎರಡು ಸೈಟುಗಳ ನಡುವಣ ಅಂತರ 30 ಸೆಂಟಿಮೀಟರಾದರೆ, ಆ ಓರೆ 10 ಮೀಟರು ಹೋಗುವಷ್ಟರಲ್ಲಿ 33 ಮಿಲಿಮೀಟರಾಗಿ ಬೆಳೆದಿರುತ್ತದೆ. ಹತ್ತು ಅಂಕ ಬರಬೇಕಾದಲ್ಲಿ ಆರು ಬರುವುದು. ಕೈಯ ನಡುಕಕ್ಕೆ ಕ್ಷಮೆಯುಂಟು, ಸೈಟುಗಳ ಓರೆಗೆ ಇಲ್ಲ. ಹೀಗಾಗಿ ಪಿಸ್ತೂಲು ಕಲಿಸುವ ಗುರುಗಳೆಲ್ಲ ಮೊದಲ ದಿನವೇ ‘ದೃಷ್ಟಿ ಮುಂದಿನ ಸೈಟಿನ ಮೇಲಿರಲಿ, ಹಲಗೆ ಮಸುಕಾದರೆ ಆಗಲಿ’ ಎಂದು ಹೇಳುವರು.

ಹಲಗೆಯ ಮಸುಕು ಏತಕ್ಕೆ ಅಷ್ಟು ಹಾನಿ ಮಾಡುವುದಿಲ್ಲ? ಅಲ್ಲಿರುವುದು 59.5 ಮಿಲಿಮೀಟರು ವ್ಯಾಸದ ದುಂಡನೆಯ ಕಪ್ಪು ಚುಕ್ಕೆ. ದುಂಡಾದುದು ಮಸುಕಾದರೆ ಸುತ್ತಲೂ ಒಂದೇ ಸಮನಾಗಿ ಮಸುಕಾಗುವುದು. ಅದರ ಕೇಂದ್ರ ಎಲ್ಲಿದೆಯೆಂಬುದನ್ನು ಕಣ್ಣು ಆಗಲೂ ಚೆನ್ನಾಗಿ ಊಹಿಸಬಲ್ಲದು. ಮಂಜು ಮುಸುಕಿದ ಚಂದ್ರನ ನಡುವನ್ನು ನಾವು ಬೆರಳಿಟ್ಟು ತೋರಿಸಲಾರೆವೆ? ಸೈಟಿನ ಸಂಗತಿ ಹಾಗಲ್ಲ. ಅಲ್ಲಿ ನಾವು ಅಳೆಯುವುದು ಕಂಬದ ಎರಡು ಬದಿಗೂ ಇರುವ ಕಿರಿದಾದ ಬೆಳಕಿನ ಗೆರೆಗಳನ್ನು. ಅಂಚು ಕರಗಿದರೆ ಆ ಗೆರೆಗಳೇ ಇಲ್ಲವಾಗುವುವು.

ಅಂಚು ಎಷ್ಟು ಕರಗುವುದೆಂಬುದಕ್ಕೆ ಸೊಗಸಾದ ಒಂದು ನಿಯಮವಿದೆ. ಕಣ್ಣು ಬಹುದೂರಕ್ಕೆ ಹೊಂದಿಕೊಂಡು ನಿಂತಿರುವಾಗ, ಹತ್ತಿರದ ವಸ್ತುವಿನ ಪ್ರತಿಯೊಂದು ಬಿಂದುವೂ ಆ ವಸ್ತುವಿನ ಮೇಲೆ ಅಳೆದಂತೆ ಸರಿಯಾಗಿ ಕಣ್ಣಿನ ಪಾಪೆಯಷ್ಟೇ ಅಗಲದ ಚುಕ್ಕೆಯಾಗಿ ಹರಡುವುದು. ಪಾಪೆಯ ವ್ಯಾಸ 4 ಮಿಲಿಮೀಟರಾದರೆ ಸೈಟಿನ ಅಂಚು 4 ಮಿಲಿಮೀಟರು ಹರಡುವುದು. ಸೈಟಿನ ಕಂಬದ ಅಗಲವೋ ಸುಮಾರಾಗಿ 4ರಿಂದ 5 ಮಿಲಿಮೀಟರು! ಅಂದರೆ ಹೊಂದಾಣಿಕೆಯೆಲ್ಲ ಕಳೆದುಹೋದ ಕಣ್ಣಿಗೆ ಆ ಕಂಬ ಕಂಬವಾಗಿ ಉಳಿಯುವುದೇ ಇಲ್ಲ, ಬೂದುಬಣ್ಣದ ನೆರಳಾಗುವುದು. ಇಂಥ ಕಣ್ಣಿನವನಿಗೆ ದೂರದ ಹಲಗೆ ಮಾತ್ರ ಹೊಳೆಹೊಳೆಯುತ್ತ ಕಾಣುತ್ತಿರುತ್ತದೆ. ಆದ್ದರಿಂದ ತನ್ನ ಕಣ್ಣಿಗೇನೂ ಆಗಿಲ್ಲವೆಂದೇ ಅವನು ನಂಬಿರುತ್ತಾನೆ. ಐವತ್ತೈದು ವಯಸ್ಸಿನ ಪೋಲೀಸು ಅಧಿಕಾರಿಯ ಸೊಂಟದಲ್ಲಿ ಪಿಸ್ತೂಲಿರುವುದನ್ನು ನಾವು ದಿನವೂ ಕಾಣುತ್ತೇವೆ. ಅವನ ಕಣ್ಣು ದೂರದ ಬಸ್ಸಿನ ಫಲಕವನ್ನು ಓದಬಲ್ಲುದೆಂಬ ಮಾತ್ರಕ್ಕೆ ಅವನ ಗುಂಡು ನೇರವಾಗಿ ಹೋಗುವುದೆಂದು ಹೇಳುವಂತಿಲ್ಲ. ಆ ಗುಂಡು ತಪ್ಪಿದರೆ ಹೋಗಿ ತಗಲುವುದು ಹಲಗೆಗಲ್ಲ, ಬೀದಿಯಲ್ಲಿರುವ ಇನ್ನಾರಿಗೋ.

ಇದರ ಮಗ್ಗುಲಿಗೇ ಒಂದು ವಿನೋದವುಂಟು. ಒಂದು ಡಯಾಪ್ಟರಿನಷ್ಟು ಸಮೀಪದೃಷ್ಟಿಯುಳ್ಳವನಿಗೆ ಕನ್ನಡಕವಿಲ್ಲದೆ ಅತ್ಯಂತ ಸ್ಪಷ್ಟವಾಗಿ ಕಾಣುವ ದೂರ ಒಂದು ಮೀಟರು. ಹೆಚ್ಚುಕಡಿಮೆ ಮುಂದಿನ ಸೈಟಿರುವ ಜಾಗವೇ! ತರಗತಿಯಲ್ಲಿ ಕಪ್ಪುಹಲಗೆ ಕಾಣದೆ ಮುಂದಿನ ಬೆಂಚಿಗೆ ಬಂದು ಕೂರುವ ಹುಡುಗನು ಅರವತ್ತಾದ ಮೇಲೂ, ಕನ್ನಡಕ ತೆಗೆದಿಟ್ಟು, ಸೈಟನ್ನು ಗೆರೆ ಕೊರೆದಂತೆ ನೋಡಬಲ್ಲನು. ‘ಮಂದದೃಷ್ಟಿ’ ಎಂಬ ಒಂದೇ ಮಾತಿನಲ್ಲಿ ಇಷ್ಟು ಬೇರೆ ಬೇರೆ ಕಣ್ಣುಗಳು ಅಡಗಿರುವುದರಿಂದ, ಎಲ್ಲರಿಗೂ ಒಪ್ಪುವ ಸೈಟು ಯಾವುದೆಂಬ ಪ್ರಶ್ನೆಗೆ ಉತ್ತರವೇ ಇಲ್ಲ. ಯಾವ ಕಣ್ಣು ಎಂದು ಮೊದಲು ಕೇಳಬೇಕು.

ಬೆಂಗಳೂರಿನ ಒಬ್ಬ ಶೂಟರು

ಕರ್ನಾಟಕದ ಪಿಸ್ತೂಲು ಶೂಟರುಗಳಲ್ಲಿ ಹೆಸರಾದ ಪ್ರಕಾಶ್ ನಂಜಪ್ಪ ಅವರ ಕಥೆಯನ್ನು ಇಲ್ಲಿ ಹೇಳಬೇಕು. 1976ರಲ್ಲಿ ಜನಿಸಿದ ಇವರು ಬೆಂಗಳೂರಿನವರು. 2013ರಲ್ಲಿ ಸ್ಪೇಯ್ನ್ ದೇಶದ ಗ್ರನಾಡಾ ನಗರಕ್ಕೆ ವಿಶ್ವಕಪ್ ಸ್ಪರ್ಧೆಗೆಂದು ಹೋಗಿದ್ದಾಗ ಅವರ ಮುಖದ ಒಂದು ಪಾರ್ಶ್ವ ಸ್ವಾಧೀನ ತಪ್ಪಿತು. ಅದು ಬೆಲ್ಸ್ ಪಾಲ್ಸಿ ಎಂಬ ರೋಗ.

ಈ ರೋಗದಲ್ಲಿ ಕೆಡುವುದು ಮಿದುಳಿನಿಂದ ಹೊರಡುವ ನರಗಳಲ್ಲಿ ಏಳನೆಯದು. ಕಣ್ಣಿನ ಮಸೂರವನ್ನು ಹೊಂದಿಸುವ ನರ ಅದಲ್ಲ, ಅದು ಮೂರನೆಯದು. ಆದುದರಿಂದ ಕಣ್ಣುಗುಡ್ಡೆ ಒಳಗೆ ನಿರೋಗಿಯಾಗಿಯೇ ಇರುವುದು. ಆದರೆ ರೆಪ್ಪೆ ಮುಚ್ಚುವ ಸ್ನಾಯುವಿಗೆ ಅಪ್ಪಣೆ ಕೊಡುವುದು ಆ ಏಳನೆಯ ನರವೇ. ರೆಪ್ಪೆ ಮುಚ್ಚದಿದ್ದರೆ ಕಣ್ಣೀರಿನ ತೆಳುಪೊರೆ ಕಾರ್ನಿಯಾದ ಮೇಲೆ ಸಮನಾಗಿ ಹರಡದೆ ಒಣಗುವುದು. ಬೆಳಕು ಕಣ್ಣನ್ನು ಹೊಕ್ಕಾಗ ಮೊದಲು ಬಾಗುವುದು ಆ ಕಣ್ಣೀರಿನ ಪೊರೆಯಲ್ಲಿಯೇ ಎಂಬುದನ್ನು ನಾವು ಮರೆಯುತ್ತೇವೆ. ಪೊರೆ ಒಡೆದರೆ, ನೀರು ಚಿಮುಕಿಸಿದ ಕಿಟಕಿಗಾಜಿನ ಮೂಲಕ ನೋಡಿದಂತೆ ದೃಷ್ಟಿ ಕದಡುವುದು. ಒಂದು ಕಣ್ಣನ್ನು ಕಿರಿದು ಮಾಡಿ, ಇನ್ನೊಂದರಿಂದ ಗುರಿ ನೋಡುವುದೇ ಕಸುಬಾದವನಿಗೆ ಇದು ಎಂಥ ಪೆಟ್ಟೆಂದು ಬೇರೆ ಹೇಳಬೇಕಿಲ್ಲ.

ನಂಜಪ್ಪನವರು ಚೇತರಿಸಿಕೊಂಡರು. ಮರುವರುಷ, 2014ರಲ್ಲಿ, ಗ್ಲಾಸ್ಗೋ ನಗರದ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ 10 ಮೀಟರು ಏರ್ ಪಿಸ್ತೂಲಿನ ಬೆಳ್ಳಿಯ ಪದಕ ಗೆದ್ದರು. ಅದೇ ವರುಷ ಇಂಚಿಯಾನ್‌ನಲ್ಲಿ ನಡೆದ ಏಷ್ಯನ್ ಕ್ರೀಡಾಕೂಟದಲ್ಲಿ ಜಿತು ರಾಯ್ ಮತ್ತು ಸಮರೇಶ್ ಜಂಗ್ ಅವರೊಡನೆ ತಂಡದ ಕಂಚನ್ನು ಪಡೆದರು. 2016ರ ರಿಯೊ ಒಲಿಂಪಿಕ್ಸಿನಲ್ಲಿ ಅವರು 50 ಮೀಟರು ಪಿಸ್ತೂಲಿನ ಸ್ಪರ್ಧೆಗೆ ನಿಂತಾಗ ಅವರ ವಯಸ್ಸು ಸರಿಯಾಗಿ ನಲವತ್ತು, ಚಾಳೀಸಿನ ವಯಸ್ಸೇ. ಪುರುಷರ ಆ ಸ್ಪರ್ಧೆ ಒಲಿಂಪಿಕ್ಸಿನಲ್ಲಿ ನಡೆದುದು ಅದೇ ಕೊನೆಯ ಸಲ. ಅಲ್ಲಿ ಹತ್ತು ಅಂಕದ ವೃತ್ತ 50 ಮಿಲಿಮೀಟರು, ದೂರ 50 ಮೀಟರು. ಕೈಯಲ್ಲಿ ಯಾವ ಮಸೂರವೂ ಇಲ್ಲದ ಬರಿಯ ಲೋಹದ ಸೈಟು.

ಬರಿಯ ಸೈಟೇ ಏಕೆ? ಅಂತರರಾಷ್ಟ್ರೀಯ ಶೂಟಿಂಗ್ ಸಂಸ್ಥೆಯ ನಿಯಮ ಹಾಗಿದೆ. ಅದರ ಪಿಸ್ತೂಲು ಸ್ಪರ್ಧೆಗಳಲ್ಲಿ ದುರ್ಬೀನು, ಕನ್ನಡಿ, ಲೇಸರು, ಬೆಳಕಿನ ಚುಕ್ಕೆ ಯಾವುದನ್ನೂ ಪಿಸ್ತೂಲಿನ ಮೇಲೆ ಕೂರಿಸುವಂತಿಲ್ಲ. ದೃಷ್ಟಿ ತಿದ್ದುವ ಮಸೂರವನ್ನು ಕೂಡ ಪಿಸ್ತೂಲಿಗೆ ಜೋಡಿಸುವಂತಿಲ್ಲ. ಆದರೆ ಶೂಟರು ತನ್ನ ಮೂಗಿನ ಮೇಲೆ ಬೇಕಾದ ಕನ್ನಡಕ ಧರಿಸಬಹುದು. ಹೀಗಾಗಿ ಪಂದ್ಯಕ್ಕೆ ನಿಲ್ಲುವವನ ಮಟ್ಟಿಗೆ ಸೈಟಿನ ಆಯ್ಕೆಯೆಂದರೆ ಬಹುಪಾಲು ಕನ್ನಡಕದ ಆಯ್ಕೆಯೇ ಸರಿ.

ಮಸೂರ, ತೂತು, ಕಾಡಿಗೆ

ಮೊದಲು ಮಸೂರದ ಮಾತು. ದೂರಕ್ಕೆಂದು ವೈದ್ಯರು ಬರೆದುಕೊಟ್ಟ ಅಂಕಿಗೆ ಸಾಮಾನ್ಯವಾಗಿ ಅರ್ಧದಿಂದ ಮುಕ್ಕಾಲು ಡಯಾಪ್ಟರು ಕೂಡಿಸಿ ಶೂಟರಿನ ಮಸೂರ ಮಾಡಿಸುವುದು ವಾಡಿಕೆ. ದೂರದ ಅಂಕಿ ಪ್ಲಸ್ 1.00 ಇದ್ದರೆ ಶೂಟಿಂಗಿಗೆ ಪ್ಲಸ್ 1.75, ಮೈನಸ್ 2.00 ಇದ್ದರೆ ಮೈನಸ್ 1.25. ಸೈಟಿಗೆ 1.1 ಬೇಕೆಂದು ಮೇಲೆ ಹೇಳಿ ಈಗ 0.75 ಎಂದರೆ ಹೇಗೆ ಎಂದು ಚುರುಕಾದ ವಿದ್ಯಾರ್ಥಿ ಕೇಳಬಹುದು. ಪೂರ್ತಿ 1.1 ಕೊಟ್ಟರೆ ಸೈಟು ಕೊರೆದಂತೆ ಕಾಣುವುದು ನಿಜ. ಆದರೆ 4 ಮಿಲಿಮೀಟರಿನ ಪಾಪೆಗೆ ಹಲಗೆಯ ಮೇಲಿನ ಮಸುಕು 40 ಮಿಲಿಮೀಟರಾಗಿ, ಕಪ್ಪು ಚುಕ್ಕೆ ಬೂದಿಯ ಗುಡ್ಡೆಯಾಗುವುದು. 0.75 ಕೊಟ್ಟರೆ ಕಣ್ಣು ಸುಮಾರು 1.3 ಮೀಟರಿಗೆ ನೆಲೆನಿಲ್ಲುವುದು. ಸೈಟಿನ ಅಂಚಿನ ಹರಡು 4ರಿಂದ 1.3 ಮಿಲಿಮೀಟರಿಗೆ ಇಳಿಯುವುದು, ಹಲಗೆಯ ಮಸುಕು ಸುಮಾರು 26 ಮಿಲಿಮೀಟರಿನಲ್ಲಿ ನಿಲ್ಲುವುದು. ಇಬ್ಬರಿಗೂ ಸ್ವಲ್ಪ ಸ್ವಲ್ಪ ಅನ್ಯಾಯ ಮಾಡಿ ಇಬ್ಬರನ್ನೂ ಒಪ್ಪಿಸುವ ಪಂಚಾಯಿತಿಕೆಯ ನ್ಯಾಯವಿದು.

ಓದುವ ಕನ್ನಡಕ ಇಲ್ಲಿ ಕೆಲಸಕ್ಕೆ ಬಾರದು. ಅದು ಪುಸ್ತಕದ ದೂರಕ್ಕೆ, ಅಂದರೆ 40 ಸೆಂಟಿಮೀಟರಿಗೆ ಹೊಂದಿಸಿದ್ದು. ಸೈಟು ಅದರ ಎರಡರಷ್ಟು ದೂರದಲ್ಲಿದೆ. ಎರಡು ತುಂಡಿನ ಬೈಫೋಕಲ್ ಕನ್ನಡಕ ಇನ್ನೂ ಕೇಡು: ಕೆಳತುಂಡಿನಿಂದ ಸೈಟನ್ನು ನೋಡಲು ಗದ್ದ ಎತ್ತಬೇಕು, ಗದ್ದ ಎತ್ತಿದರೆ ಮೈಯ ನಿಲುವೇ ಕೆಡುವುದು.

ಎರಡನೆಯ ಉಪಾಯ ಸಣ್ಣ ತೂತು. ಮಸುಕು ಪಾಪೆಯಷ್ಟೇ ಅಗಲವೆಂಬ ನಿಯಮವನ್ನು ನೆನೆಯಿರಿ. ಪಾಪೆಯ ಮುಂದೆ 1.5 ಮಿಲಿಮೀಟರಿನ ತೂತಿಟ್ಟರೆ ಪಾಪೆಯೇ 1.5 ಮಿಲಿಮೀಟರಾದಂತೆ. 0.75 ಡಯಾಪ್ಟರಿನ ಮಸೂರವೂ ಜೊತೆಗಿದ್ದರೆ ಸೈಟಿನ ಹರಡು ಅರ್ಧ ಮಿಲಿಮೀಟರಿಗೆ, ಹಲಗೆಯದು ಹತ್ತಕ್ಕೆ ಇಳಿದು, ಎರಡೂ ಒಟ್ಟಿಗೆ ಸ್ಪಷ್ಟವಾದಂತೆ ಭಾಸವಾಗುವುದು. ಶೂಟರುಗಳ ಕನ್ನಡಕಕ್ಕೆ ಹಾಕುವ ಐರಿಸ್ ಎಂಬ ಉಪಕರಣ ಇದೇ. ಕ್ಯಾಮೆರಾದಲ್ಲಿರುವಂತೆ ತೂತನ್ನು ಹಿಗ್ಗಿಸಬಹುದು, ಕುಗ್ಗಿಸಬಹುದು. ಕೊಡಬೇಕಾದ ಬೆಲೆ ಬೆಳಕು: 4 ಮಿಲಿಮೀಟರಿನ ಪಾಪೆಗೆ ಬರುತ್ತಿದ್ದ ಬೆಳಕಿನ ಏಳನೆಯ ಒಂದು ಪಾಲು ಮಾತ್ರ ಒಳಗೆ ಬರುವುದು. ತೂತನ್ನು ಒಂದು ಮಿಲಿಮೀಟರಿಗಿಂತ ಕಿರಿದು ಮಾಡಿದರೆ ಬೆಳಕಿನ ಅಲೆಗಳೇ ತೂತಿನ ಅಂಚಿನಲ್ಲಿ ಬಾಗಿ ಹರಡಿ, ಬೇರೆ ಬಗೆಯ ಮಸುಕು ತಲೆದೋರುವುದು.

ಬಳ್ಳಾರಿ ಸೀಮೆಯ ಬಿಸಿಲು ಈ ವಿಷಯದಲ್ಲಿ ಉಪಕಾರಿ. ನಡುಹಗಲ ಬಯಲಿನಲ್ಲಿ ಪಾಪೆ ತಾನಾಗಿಯೇ ಎರಡು ಮಿಲಿಮೀಟರಿನ ಹತ್ತಿರಕ್ಕೆ ಕುಗ್ಗುವುದು. ಆಗ ಚಾಳೀಸಿನವನಿಗೂ ಸೈಟು ಸಾಕಷ್ಟು ಚೆನ್ನಾಗಿ ಕಾಣುವುದು. ಅವನೇ ಸಂಜೆ ದೀಪದ ಬೆಳಕಿನ ಕೋಣೆಗೆ ಹೋದರೆ ಕೈ ಕೆಟ್ಟಿತೆಂದು ಗೊಣಗುವನು. ಕೆಟ್ಟುದು ಕೈಯಲ್ಲ, ಅಗಲವಾದುದು ಪಾಪೆ. ಆದರೆ ಅದೇ ಬಿಸಿಲು ಲೋಹದ ಸೈಟಿನ ಮೇಲೆ ಬಿದ್ದು ಮಿಂಚಿದರೆ, ಮಿಂಚುವ ಬದಿಯೇ ಅಂಚೆಂದು ಕಣ್ಣು ಮೋಸಹೋಗುವುದು. ಇದಕ್ಕೆ ಶೂಟರುಗಳು ಹಿಂದಿನಿಂದಲೂ ಮಾಡುತ್ತ ಬಂದ ಔಷಧಿ ಹೊಗೆಯ ಮಸಿ. ಉರಿಯ ಮೇಲೆ ಹಿಡಿದು ಸೈಟಿಗೆ ಕಪ್ಪು ಹಿಡಿಸುವುದು. ಕಣ್ಣಿಗೆ ಹಚ್ಚುವ ಕಾಡಿಗೆಯನ್ನು ಸೈಟಿಗೆ ಹಚ್ಚಿದಂತೆ!

ಸೈಟಿನ ಆಕಾರದ ವಿಷಯದಲ್ಲಿ ಮಂದ ಕಣ್ಣಿನವನು ಒಂದನ್ನು ಮಾತ್ರ ನೆನಪಿಟ್ಟರೆ ಸಾಕು: ಹಿಂದಿನ ಕಚ್ಚು ಅಗಲವಾಗಿರಲಿ. ಕಂಬದ ಎರಡು ಬದಿಯ ಬೆಳಕಿನ ಗೆರೆಗಳು ಕಿರಿದಾಗಿದ್ದರೆ ಮಸುಕು ಅವನ್ನು ನುಂಗಿಬಿಡುವುದು. ಅಗಲವಾಗಿದ್ದರೆ ಮಸುಕು ಕಳೆದೂ ಒಂದಿಷ್ಟು ಉಳಿಯುವುದು, ಉಳಿದುದನ್ನು ಎಡಬಲಕ್ಕೆ ಹೋಲಿಸುವುದರಲ್ಲಿ ಕಣ್ಣು ಬಲು ಜಾಣ. ಬಿಳಿಯ ಚುಕ್ಕೆ, ಹಸಿರು ನಾರಿನ ಹೊಳಪು ಮುಂತಾದ ಅಲಂಕಾರಗಳು ಅವಸರದಲ್ಲಿ ಸೈಟನ್ನು ಬೇಗ ಹುಡುಕಲು ನೆರವಾಗುವುವೇ ಹೊರತು, ನಿಖರವಾದ ಗುರಿಗೆ ಬಿಳಿಯ ಹಿನ್ನೆಲೆಯ ಮೇಲಿನ ಅಚ್ಚ ಕಪ್ಪು ಅಂಚನ್ನು ಮೀರಿದುದಿಲ್ಲ.

ಬೆಳಕಿನ ಚುಕ್ಕೆ

ಪಂದ್ಯದ ನಿಯಮದ ಕಟ್ಟಿಲ್ಲದವರಿಗೆ ಬೇರೊಂದು ದಾರಿಯುಂಟು. ಅದನ್ನು ತಿಳಿಯಲು ಮತ್ತೆ ಸಿರುಗುಪ್ಪದ ಬಯಲಿಗೆ ಬರೋಣ. ಈ ಸೀಮೆಗೆ ತುಂಗಭದ್ರೆಯ ನೀರು ತರುವ ಕೆಳಮಟ್ಟದ ಕಾಲುವೆಯನ್ನು, ಎಲ್ಲರ ಬಾಯಲ್ಲಿರುವ ಎಲ್‌.ಎಲ್‌.ಸಿ.ಯನ್ನು, ಕಾಣದವರಿಲ್ಲ. ಕಾಲುವೆಗೆ ಮಟ್ಟ ನೋಡುವ ಇಂಜಿನಿಯರು ಮುಕ್ಕಾಲಿಯ ಮೇಲಿನ ದುರ್ಬೀನಿನಲ್ಲಿ ಕಣ್ಣಿಟ್ಟಾಗ, ದೂರದ ಅಳತೆಕೋಲೂ ಹತ್ತಿರದ ಅಡ್ಡಗೆರೆಯೂ ಒಂದೇ ಸಮನೆ ಸ್ಪಷ್ಟವಾಗಿ ಕಾಣುವುವು. ಬದು ಹಾಕುವವನಿಗೆ ಒದಗಿದ ತೊಡಕು ಇವನಿಗೇಕಿಲ್ಲ? ದುರ್ಬೀನಿನ ಮುಂದಿನ ಮಸೂರವು ಅಳತೆಕೋಲಿನ ಪ್ರತಿಬಿಂಬವನ್ನು ತಂದು ಅಡ್ಡಗೆರೆ ಇರುವ ಜಾಗದಲ್ಲಿಯೇ ಬೀಳಿಸುವುದರಿಂದ. ದೂರಗಳು ಎರಡಲ್ಲ, ಒಂದೇ ಆದುವು.

ಇದೇ ತತ್ತ್ವವನ್ನು ತಿರುಗಿಸಿ ಬಳಸಿದವನು ಐರ್ಲೆಂಡಿನ ದುರ್ಬೀನು ತಯಾರಕ ಹೊವರ್ಡ್ ಗ್ರಬ್. ಹತ್ತಿರದ ಗುರುತನ್ನೇ ದೂರಕ್ಕೆ ಕಳುಹಿಸುವ ಸೈಟಿಗೆ ಅವನು 1900ರಲ್ಲಿ ಪೇಟೆಂಟು ಪಡೆದನು. ಮಸೂರದ ಅಥವಾ ಬಾಗಿದ ಕನ್ನಡಿಯ ನಾಭಿಯಲ್ಲಿ ಒಂದು ಬೆಳಕಿನ ಚುಕ್ಕೆಯನ್ನಿಟ್ಟರೆ, ಅದರ ಕಿರಣಗಳು ಸಮಾನಾಂತರವಾಗಿ ಹೊರಬೀಳುವುವೆಂದು ನಾವು ಪ್ರೌಢಶಾಲೆಯಲ್ಲೇ ಕಲಿತಿರುತ್ತೇವೆ. ಸಮಾನಾಂತರ ಕಿರಣಗಳು ಕಣ್ಣಿಗೆ ನಕ್ಷತ್ರದಿಂದ ಬಂದಂತೆ, ಅನಂತದೂರದಿಂದ ಬಂದಂತೆ ತೋರುವುವು. 1975ರಲ್ಲಿ ಸ್ವೀಡನ್ನಿನ ಏಮ್‌ಪಾಯಿಂಟ್ ಕಂಪೆನಿ ಇದನ್ನು ವಿದ್ಯುತ್ತಿನ ಕೆಂಪು ಚುಕ್ಕೆಯ ಸೈಟಾಗಿ ಮಾರುಕಟ್ಟೆಗೆ ತಂದಿತು. ಈಗ ಬೆಂಕಿಪೆಟ್ಟಿಗೆಗಿಂತ ಚಿಕ್ಕವು ಪಿಸ್ತೂಲಿನ ಬೆನ್ನ ಮೇಲೆ ಕೂರುತ್ತವೆ. ಇದರಲ್ಲಿ ಕಚ್ಚಿಲ್ಲ, ಕಂಬವಿಲ್ಲ. ನೋಡಬೇಕಾದುದು ಹಲಗೆಯನ್ನು, ಚುಕ್ಕೆ ಹಲಗೆಯ ಮೇಲೆಯೇ ಇರುವಂತೆ ಕಾಣುವುದು. ಮಸೂರ ಬಿರುಸಾಗಿ ದೂರಕ್ಕೇ ನಿಂತುಹೋದ ಮುದಿಗಣ್ಣಿಗೆ ಇದಕ್ಕಿಂತ ಒಪ್ಪುವ ಸೈಟು ಬೇರೆ ಇಲ್ಲವೆಂದೇ ನನ್ನ ಅಭಿಪ್ರಾಯ. ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆಯಾಗಿ ದೂರಕ್ಕೆ ಹೊಂದಿಸಿದ ಕೃತಕ ಮಸೂರ ಹಾಕಿಸಿಕೊಂಡವರಿಗೂ ಇದೇ ಮಾತು. ಒಂದು ಎಚ್ಚರಿಕೆ ಮಾತ್ರ: ಈ ಸೈಟಿಗೆ ದೂರದ ಕನ್ನಡಕವನ್ನೇ ಹಾಕಬೇಕು. ಮುಕ್ಕಾಲು ಡಯಾಪ್ಟರು ಕೂಡಿಸಿದ ಹಳೆಯ ಶೂಟಿಂಗ್ ಕನ್ನಡಕವನ್ನೇ ಮೂಗಿನ ಮೇಲಿಟ್ಟುಕೊಂಡರೆ ಚುಕ್ಕೆಯೂ ಹಲಗೆಯೂ ಒಟ್ಟಿಗೆ ಮಸುಕಾಗುವುವು.

ಚುಕ್ಕೆಯ ಗಾತ್ರವನ್ನು ಕೋನದ ಮಿನಿಟುಗಳಲ್ಲಿ ಹೇಳುವರು. ಒಂದು ಮಿನಿಟು ಎಂದರೆ 10 ಮೀಟರಿನಲ್ಲಿ ಸುಮಾರು 2.9 ಮಿಲಿಮೀಟರು, ಆರು ಮಿನಿಟಿನ ಚುಕ್ಕೆ ಅಲ್ಲಿ ಹದಿನೇಳು ಮಿಲಿಮೀಟರಿನಷ್ಟು ಜಾಗ ಮುಚ್ಚುವುದು. ಮಂದ ಕಣ್ಣಿಗೆ ದೊಡ್ಡ ಚುಕ್ಕೆ ಬೇಗ ಸಿಕ್ಕುವುದು, ನಿಖರತೆ ಬೇಕಾದವರಿಗೆ ಚಿಕ್ಕದು ಒಳಿತು.

ಈ ಸೈಟಿಗೂ ಒಬ್ಬ ಹಗೆಯಿದ್ದಾನೆ: ಅಸಮದೃಷ್ಟಿ. ಕಾರ್ನಿಯಾ ಚೆಂಡಿನ ಮೈಯಂತೆ ಎಲ್ಲ ದಿಕ್ಕಿಗೂ ಸಮನಾಗಿ ಬಾಗಿರದೆ, ಒಂದು ದಿಕ್ಕಿಗೆ ಹೆಚ್ಚು, ಇನ್ನೊಂದಕ್ಕೆ ಕಡಿಮೆ ಬಾಗಿದ್ದರೆ ಬಿಂದು ಬಿಂದುವಾಗಿ ಕಾಣದೆ ಗೆರೆಯಾಗಿ ಎಳೆದುಕೊಳ್ಳುವುದು. ದುಂಡನೆಯ ಕೆಂಪು ಚುಕ್ಕೆ ಬಾಲವುಳ್ಳ ಧೂಮಕೇತುವಾಗಿ, ಹಲವು ಕೋಡುಗಳ ನಕ್ಷತ್ರವಾಗಿ, ಕೆಲವರಿಗೆ ಜೋಡಿ ಚುಕ್ಕೆಯಾಗಿ ತೋರುವುದು. ಕೊಂಡವನು ಸೈಟೇ ಕೆಟ್ಟದ್ದೆಂದು ಅಂಗಡಿಯವನೊಡನೆ ಜಗಳಕ್ಕೆ ನಿಲ್ಲುವನು. ಜಗಳಕ್ಕೆ ಮೊದಲು ಒಂದು ಪರೀಕ್ಷೆ ಮಾಡಬಹುದು. ಸೈಟನ್ನು ಪಿಸ್ತೂಲಿನಿಂದ ಬಿಡಿಸಿಟ್ಟು ಅದರ ಮೂಲಕ ಫೋನಿನ ಕ್ಯಾಮೆರಾದಿಂದ ಚಿತ್ರ ತೆಗೆಯುವುದು. ಚಿತ್ರದಲ್ಲಿ ಚುಕ್ಕೆ ದುಂಡಗಿದ್ದರೆ ದೋಷ ಕಣ್ಣಿನದು. ಅದಕ್ಕೆ ಪರಿಹಾರ ಸಿಲಿಂಡರಿನಾಕಾರದ ಮಸೂರ. ಜಾರ್ಜ್ ಏರಿ ಎಂಬ ಖಗೋಳಜ್ಞನು 1825ರಲ್ಲಿ ತನ್ನ ಸ್ವಂತ ಕಣ್ಣಿಗಾಗಿಯೇ ಅಂಥದನ್ನು ಮಾಡಿಸಿಕೊಂಡಿದ್ದನು. ಚುಕ್ಕೆಯ ಹೊಳಪನ್ನು ಇಳಿಸಿದರೂ ಕೋಡುಗಳು ಬಹಳ ಮಟ್ಟಿಗೆ ಮುದುಡಿಕೊಳ್ಳುವುವು. ಅಷ್ಟಕ್ಕೂ ಬಗ್ಗದಿದ್ದವರಿಗೆ ಹಳೆಯ ಲೋಹದ ಸೈಟೂ ಸಣ್ಣ ತೂತೂ ಇದ್ದೇ ಇವೆ.

ಲೇಸರಿನ ವಿಷಯ ಬೇಗ ಮುಗಿಸಬಹುದು. ಅದು ಚುಕ್ಕೆಯನ್ನು ಹಲಗೆಯ ಮೇಲೆಯೇ ಎಸೆಯುವುದರಿಂದ ಮುದಿಗಣ್ಣಿಗೆ ಒಗ್ಗುವುದು ನಿಜ. ಆದರೆ ನಮ್ಮ ಬಿಸಿಲಿನಲ್ಲಿ ಕೆಂಪು ಚುಕ್ಕೆ ಹಲಗೆಯ ಮೇಲೆ ಹುಡುಕಿದರೂ ಸಿಕ್ಕದು. ನಮ್ಮ ಕಣ್ಣು ಹಗಲಿನಲ್ಲಿ ಹೆಚ್ಚು ಚುರುಕಾಗಿರುವುದು 555 ನ್ಯಾನೊಮೀಟರಿನ ಹಸಿರಿಗೆ. ಆದುದರಿಂದ ಹಸಿರು ಲೇಸರು ಒಂದಿಷ್ಟು ವಾಸಿ. ಯಾವ ಬಣ್ಣದ್ದಾದರೂ ಯಾರ ಕಣ್ಣಿಗೂ ತಾಗಿಸಕೂಡದು.

ಇಷ್ಟು ಹೇಳಿದ ಮೇಲೆ, ಸೈಟು ಬದಲಿಸಿ ಗೆಲ್ಲಲಾಗದ ಕಣ್ಣುಗಳೂ ಉಂಟೆಂಬುದನ್ನು ಮುಚ್ಚಿಡಬಾರದು. ಪೊರೆ ಬಂದ ಕಣ್ಣಿನಲ್ಲಿ ಬೆಳಕು ಚದರಿ, ಕಪ್ಪುಬಿಳುಪುಗಳ ಭೇದವೇ ಕುಂದುವುದು. ಎದುರುಬಿಸಿಲಿನಲ್ಲಿ ಎಲ್ಲವೂ ಬೆಳ್ಳಗಾಗುವುದು. ಅಲ್ಲಿ ತೂತಿಟ್ಟರೆ ಇದ್ದ ಬೆಳಕೂ ಹೋಗುವುದು. ಅಲ್ಲಿಗೆ ಬೇಕಾದವನು ಸೈಟು ಮಾರುವವನಲ್ಲ, ಶಸ್ತ್ರವೈದ್ಯ. ಅಕ್ಷಿಪಟಲದ ನಡುಭಾಗವೇ ಸವೆದಿದ್ದರೆ ನೆಟ್ಟ ನೋಟದ ಜಾಗದಲ್ಲಿಯೇ ಕತ್ತಲೆ ಕೂರುವುದು. ಮಸೂರ, ತೂತು, ಚುಕ್ಕೆ ಮೂರೂ ಅಲ್ಲಿ ಸೋಲುವುವು. ಇವನ್ನು ಬೇರ್ಪಡಿಸಲು ಕಣ್ಣಿನ ವೈದ್ಯರು ಸಣ್ಣ ತೂತಿನ ತಟ್ಟೆಯೊಂದನ್ನು ಇಟ್ಟುಕೊಂಡಿರುತ್ತಾರೆ. ತೂತಿನ ಮೂಲಕ ಅಕ್ಷರ ಚೆನ್ನಾಗಿ ಕಂಡರೆ ದೋಷ ಕಿರಣ ಬಾಗುವುದರಲ್ಲಿದೆ, ಕನ್ನಡಕ ಅದನ್ನು ತಿದ್ದೀತು. ಕಾಣದಿದ್ದರೆ ಕೇಡು ಇನ್ನೂ ಒಳಗಿದೆ.

ಪಿಸ್ತೂಲನ್ನು ಮುಟ್ಟದೆಯೇ ಇವುಗಳಲ್ಲಿ ಬಹುಪಾಲನ್ನು ವಿದ್ಯಾರ್ಥಿಗಳು ಪರೀಕ್ಷಿಸಬಹುದು. ಮುಟ್ಟಬಾರದು ಕೂಡ, 1959ರ ಶಸ್ತ್ರಾಸ್ತ್ರ ಕಾಯಿದೆಯ ಪ್ರಕಾರ ಪರವಾನಗಿಯಿಲ್ಲದೆ ಪಿಸ್ತೂಲು ಇಟ್ಟುಕೊಳ್ಳುವುದು ಅಪರಾಧ. ಒಂದು ಪೋಸ್ಟ್‌ಕಾರ್ಡಿನಲ್ಲಿ ಗುಂಡುಸೂಜಿಯಿಂದ ಎರಡು ಮಿಲಿಮೀಟರು ಅಂತರದಲ್ಲಿ ಎರಡು ತೂತು ಮಾಡಿ, ಕಣ್ಣಿಗೆ ಒತ್ತಿ ಹಿಡಿದು, ತೋಳಿನಳತೆಯಲ್ಲಿ ನಿಲ್ಲಿಸಿದ ಸೂಜಿಯನ್ನು ನೋಡಿರಿ. ದೃಷ್ಟಿಯನ್ನು ಸೂಜಿಯ ಮೇಲೆ ನೆಟ್ಟರೆ ಸೂಜಿ ಒಂದೇ; ಅದರಾಚೆ ಕುರುಗೋಡಿನ ಬೆಟ್ಟದ ಮೇಲೆ ನೆಟ್ಟರೆ ಸೂಜಿ ಎರಡಾಗುವುದು. ಕ್ರಿಸ್ಟಫ್ ಶೈನರ್ ಎಂಬ ಪಾದ್ರಿ 1619ರಲ್ಲಿ ಪ್ರಕಟಿಸಿದ ಪ್ರಯೋಗವಿದು. ಅದೇ ಕಾರ್ಡನ್ನು ಮನೆಯಲ್ಲಿ ಚಾಳೀಸು ಬಂದ ಹಿರಿಯರ ಕೈಗೆ, ಓದುವ ಕನ್ನಡಕ ತೆಗೆಸಿ, ಕೊಟ್ಟು ನೋಡಿರಿ. ದೂರ ಚೆನ್ನಾಗಿ ಕಾಣುವ ಹಿರಿಯರಾದರೆ, ಎಷ್ಟು ಪ್ರಯತ್ನಪಟ್ಟರೂ ಹತ್ತಿರ ತಂದ ಸೂಜಿ ಅವರಿಗೆ ಎರಡಾಗಿಯೇ ಉಳಿಯುವುದು. ಒಂದು ತೂತನ್ನು ಬೆರಳಿನಿಂದ ಮುಚ್ಚಿದೊಡನೆ ಒಂದಾಗುವುದು.

ಶೂಟಿಂಗ್ ಕಲಿಯುವ ಹಿರಿಯರಾರಾದರೂ ಕನ್ನಡಕ ಮಾಡಿಸಲು ಹೊರಟಿದ್ದರೆ, ಖಾಲಿಯಾಗಿದೆಯೆಂದು ಎರಡು ಬಾರಿ ನೋಡಿದ ಪಿಸ್ತೂಲನ್ನು ತರಬೇತಿಯ ಜಾಗದಲ್ಲಿಯೇ, ಗುರಿಹಲಗೆಯ ಕಡೆಗೆ ಎಂದಿನಂತೆ ಚಾಚಿ ಹಿಡಿದು, ಕಣ್ಣಿನ ಮೂಲೆಯಿಂದ ಮುಂದಿನ ಸೈಟಿನವರೆಗೆ ಬೇರೊಬ್ಬರಿಂದ ದಾರ ಹಿಡಿಸಿ ಗಂಟು ಹಾಕಿಸಿಕೊಳ್ಳಬೇಕು. ವೈದ್ಯರ ಬಳಿಗೆ ಒಯ್ಯಬೇಕಾದುದು ಆ ದಾರವನ್ನು. ಮಸೂರವನ್ನು ಪಾಲಿಕಾರ್ಬೊನೇಟಿನಲ್ಲೇ ಮಾಡಿಸುವುದು ಲೇಸು. ಹಲಗೆಯ ಹಿಂದಣ ತಗಡಿಗೆ ಬಡಿದು ಸಿಡಿದ ಸೀಸದ ಚೂರು ಹಿಂದಕ್ಕೆ ಬರುವುದುಂಟು, ಗಾಜು ಅದನ್ನು ತಡೆಯಲಾರದು.